ಮಳೆಗಾಲದ ಕಾಡಿಗೆ ಬೀಗವೊಂದೇ ಸಾಕೇ?

ಜೂನ್ ಅರ್ಧ ಕಳೆಯುವ ಹೊತ್ತಿಗೆ ಬೆಳಗಾವಿಯ ಪಡುವಣ ಬಾನು ಕಪ್ಪಿಡುತ್ತದೆ. ನಗರದಿಂದ ಖಾನಾಪುರಕ್ಕೆ 30 ಕಿಲೋಮೀಟರಿಗಿಂತ ಕಡಿಮೆ ದಾರಿ; ಇನ್ನೊಂದು ಕಡೆಯಿಂದ ಜಾಂಬೋಟಿ, ಕಣಕುಂಬಿ, ಚೋರ್ಲಾ ಹಾದು ಸಹ್ಯಾದ್ರಿಯ ನೆತ್ತಿಗೇ ಹೋಗಿ ನಿಲ್ಲಬಹುದು. ಕಣಕುಂಬಿಯಲ್ಲಿ ಹುಟ್ಟಿ ಮೂಡಣಕ್ಕೆ ಹರಿಯುವ ಮಲಪ್ರಭೆ, ದೇಗಾಂವದ ಕಡೆಯಿಂದ ಇಳಿದು ಗೋವೆ ಸೇರುವ ಮಹದಾಯಿ ಎರಡೂ ತುಂಬಿಕೊಳ್ಳುವ ಕಾಲ ಅದು. ವಜ್ರಪೋಹದಂಥ ಧಾರೆಗಳು ಮೈದುಂಬಿ ಧುಮುಕುವುದೂ ಆಗಲೇ. ಶನಿವಾರ ಭಾನುವಾರ ಬಂತೆಂದರೆ ಬೆಳಗಾವಿ, ಹುಬ್ಬಳ್ಳಿ, ಧಾರವಾಡದ ಹುಡುಗ ಹುಡುಗಿಯರ ಬೈಕುಗಳು ಆ ದಾರಿ ಹಿಡಿಯುತ್ತವೆ. ಅರಣ್ಯ ಇಲಾಖೆ ಕಾಡಿನೊಳಗಿನ ಜಲಪಾತಗಳಿಗೆ ಪ್ರವೇಶವಿಲ್ಲವೆಂದು ಫಲಕ ಹಾಕಿ ತನಿಖಾ ಠಾಣೆಗಳಲ್ಲಿ ಸಿಬ್ಬಂದಿ ನಿಲ್ಲಿಸುವುದೂ ಇದೇ ತಿಂಗಳುಗಳಲ್ಲಿ. ಮಳೆ ನಿಂತು ಬಾಗಿಲು ತೆರೆಯುವ ಹೊತ್ತಿಗೆ ನೀರು ಇಳಿದಿರುತ್ತದೆ. ಬೇಸಿಗೆಯ ಹೊತ್ತಿಗೆ ಎಷ್ಟೋ ಧಾರೆಗಳು ಬಂಡೆಯ ಮೇಲಿನ ತೇವವಷ್ಟೇ. ಜನ ನೋಡಲು ಬಯಸುವ ಕಾಡು ಮುಚ್ಚಿದ ಕಾಲದ ಕಾಡು. ಅದಕ್ಕೇ ಅವರು ಋತು ತೆರೆಯುವವರೆಗೆ ಕಾಯುವುದಿಲ್ಲ.

ಈ ಆಸೆ ನಮ್ಮ ಕಡೆಯವರಿಗೆ ಮಾತ್ರ ಹುಟ್ಟಿದ್ದಲ್ಲ. ಹಿಮದ ನಾಡುಗಳಲ್ಲಿ ಸ್ಕೀ ಬೆಟ್ಟಗಳ ಲಿಫ್ಟುಗಳು ಸಾಮಾನ್ಯವಾಗಿ ನವೆಂಬರ್ ಡಿಸೆಂಬರಿನಲ್ಲಿ ಚಾಲೂ ಆಗುತ್ತವೆ. ಅದಕ್ಕೂ ಮೊದಲೇ ಒಂದೆರಡು ಒಳ್ಳೆಯ ಹಿಮಸುರಿತ ಆಗಿಬಿಟ್ಟರೆ, ಉದ್ದಕ್ಕೆ ಎರಡಾಗಿ ಬಿಚ್ಚುವ ಸ್ನೋಬೋರ್ಡಿನ ಅಡಿಗೆ ಜಾರದ ಪಟ್ಟಿ ಅಂಟಿಸಿಕೊಂಡು ಜನ ಕಾಲ್ನಡಿಗೆಯಲ್ಲೇ ಬೆಟ್ಟ ಹತ್ತುತ್ತಾರೆ. ಇನ್ನೂ ಯಾರ ಗುರುತೂ ಬೀಳದ, ಹಿಟ್ಟಿನಂಥ ಒಣ ಹಿಮದ ಮೇಲೆ ಒಮ್ಮೆ ಜಾರಿ ಬರಲು ತಾಸುಗಟ್ಟಲೆ ಏರುತ್ತಾರೆ. ಅಪಾಯ ಅಲ್ಲಿ ಕಡಿಮೆಯೇನಿಲ್ಲ. ಋತುವಿನ ಮೊದಲ ಹಿಮ ತೆಳ್ಳಗಿರುತ್ತದೆ. ಅದರಡಿ ಬಂಡೆಯೂ ಮರದ ಬುಡವೂ ಅಡಗಿ ಕೂತಿರುತ್ತವೆ. ಮೋಡವಿಲ್ಲದ ಚಳಿಯ ರಾತ್ರಿಗಳಲ್ಲಿ ಆ ತೆಳುಪದರ ಸಕ್ಕರೆಯಂತೆ ಹರಳುಗಟ್ಟಿ ಹಿಡಿತ ಕಳೆದುಕೊಳ್ಳುತ್ತದೆ. ಆಮೇಲೆ ಬಿದ್ದ ಹೊಸ ಹಿಮ ಅದರ ಮೇಲೆ ಹೊರೆಯಾಗಿ ಕೂರುತ್ತದೆ. 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಒಬ್ಬ ಮನುಷ್ಯನ ತೂಕ ಬಿದ್ದರೂ ಸಾಕು, ಇಡೀ ಹಾಸು ಕಳಚಿ ಬರಬಹುದು. ಹಿಮಪಾತ ಎಂದರೇನೆಂದು ಈ ಭಾಗದವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ: 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ಧಾರವಾಡ ಜಿಲ್ಲೆಯೇ ಹಗಲಿರುಳು ಪ್ರಾರ್ಥಿಸಿತ್ತು. ಋತು ತೆರೆದ ಮೇಲಾದರೆ ಸ್ಕೀ ಬೆಟ್ಟದಲ್ಲಿ ಸಣ್ಣ ಸ್ಫೋಟಗಳಿಂದ ಸಡಿಲ ಹಿಮವನ್ನು ಮೊದಲೇ ಉರುಳಿಸಿರುತ್ತಾರೆ, ಗಸ್ತಿನವರು ಇರುತ್ತಾರೆ. ತೆರೆಯುವ ಮುಂಚೆ ಅವೆರಡೂ ಇಲ್ಲ.

ಆ ನಾಡುಗಳು ಇದಕ್ಕೆ ಕೊಟ್ಟ ಉತ್ತರ ಗಮನಿಸುವಂಥದು. ಅಲ್ಲಿಯೂ ನಿಷೇಧವಿದೆ, ಇಳಿಜಾರು ಸಮ ಮಾಡುವ ಯಂತ್ರಗಳು ಉಕ್ಕಿನ ಹಗ್ಗಕ್ಕೆ ಕಟ್ಟಿಕೊಂಡು ಓಡಾಡುವ ಹೊತ್ತಿನಲ್ಲಿ ಯಾರನ್ನೂ ಬೆಟ್ಟಕ್ಕೆ ಬಿಡುವುದಿಲ್ಲ. ಆದರೆ ಎಷ್ಟೋ ಸ್ಕೀ ಬೆಟ್ಟಗಳು ನಡೆದು ಹತ್ತುವವರಿಗೆ ಇಂಥ ಅಂಚಿನ ದಾರಿ, ಇಂಥ ಹೊತ್ತು, ಇವತ್ತು ಉಂಟು ಅಥವಾ ಇಲ್ಲ ಎಂದು ದಿನದಿನವೂ ತಿಳಿಸುತ್ತವೆ. ಬೆಟ್ಟದಾಚೆಯ ತೆರೆದ ಹಿಮಕ್ಕೆ ಕೊಲರಾಡೊದಲ್ಲಿ, ಸ್ವಿಟ್ಜರ್‌ಲೆಂಡಿನಲ್ಲಿ ಹಿಮಪಾತ ಕೇಂದ್ರಗಳು ಒಂದರಿಂದ ಐದರವರೆಗಿನ ಅಪಾಯದ ಮಟ್ಟವನ್ನು ಪ್ರಕಟಿಸುತ್ತವೆ: ಯಾವ ದಿಕ್ಕಿಗೆ ಮುಖ ಮಾಡಿದ ಇಳಿಜಾರು ಇವತ್ತು ಕೆಟ್ಟದ್ದು, ಎಷ್ಟು ಎತ್ತರದ ಮೇಲೆ, ಯಾಕೆ. ನಮ್ಮ ದೇಶದಲ್ಲೂ ಡಿಆರ್‌ಡಿಒ ಸಂಸ್ಥೆಯೊಂದು ಹಿಮಾಲಯದ ಗಡಿಗಳಿಗೆ ಇಂಥ ಮುನ್ಸೂಚನೆ ಕೊಡುತ್ತದೆ. ಅಲ್ಲೆಲ್ಲ ಕೇಳುವ ಪ್ರಶ್ನೆ ಇವತ್ತಿನ ಹಿಮ ಹೇಗಿದೆ ಎಂಬುದು. ಯಾವ ತಿಂಗಳು ಎಂಬುದು ಆಮೇಲಿನ ಮಾತು. ಖಾನಾಪುರದ ಕಾಡಿನ ವಿಷಯದಲ್ಲಿ ನನ್ನ ವಾದವೂ ಇದೇ. ಮಳೆಗಾಲದ ಕಾಡನ್ನು ತಿಂಗಳ ಲೆಕ್ಕದಲ್ಲಿ ಸಾರಾಸಗಟಾಗಿ ಮುಚ್ಚುವುದನ್ನು ಬಿಟ್ಟು, ನೀರು ಮತ್ತು ಮಣ್ಣಿನ ಸ್ಥಿತಿ ನೋಡಿ ದಿನದ ಲೆಕ್ಕದಲ್ಲಿ ಮುಚ್ಚಬೇಕು, ತೆರೆಯಬೇಕು. ತೆರೆದ ದಿನ ಕಾಡಿನ ಊರಿನವರನ್ನು ಮುಂದಿಟ್ಟುಕೊಂಡು ನಡೆಯಬೇಕು.

ಮಳೆಯಲ್ಲಿ ಸಾವು ತರುವುದು ಯಾವುದು ಎಂಬುದನ್ನು ಬಿಡಿಸಿ ನೋಡಿದರೆ ಈ ಮಾತಿಗೆ ಆಧಾರ ಸಿಗುತ್ತದೆ. ಮೊದಲನೆಯದು ದಿಢೀರ್ ಪ್ರವಾಹ. ಸಹ್ಯಾದ್ರಿಯ ಹಳ್ಳಗಳು ಚಿಕ್ಕವು, ಕಡಿದಾದವು. ನೆತ್ತಿಯಲ್ಲಿ ಬಿದ್ದ ಮಳೆಗೆ ನಿಂತು ಇಂಗಲು ಜಾಗವಿಲ್ಲ. ಜಂಬಿಟ್ಟಿಗೆಯ ನೆಲ ಜೂನ್ ಕಳೆಯುವುದರೊಳಗೆ ನೀರು ಕುಡಿದು ಸಾಕಾಗಿರುತ್ತದೆ. ಆಮೇಲೆ ಬಿದ್ದದ್ದೆಲ್ಲ ನೇರ ಹಳ್ಳಕ್ಕೆ. ಕೆಳಗೆ ನಿಂತವರಿಗೆ ಮಳೆಯೇ ಇಲ್ಲದಿರಬಹುದು, ಮೊಣಕಾಲುಮಟ್ಟದ ನೀರು ನಿಮಿಷಗಳಲ್ಲಿ ಎದೆಮಟ್ಟ ಆಗಬಹುದು. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟೆಯ ಬಳಿ ಧಾರೆಯ ನಡುವೆ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದ ಒಂದೇ ಕುಟುಂಬದ ಐವರು ಕೊಚ್ಚಿಹೋದದ್ದು ಹೀಗೆ. ಎರಡನೆಯದು ಪಾಚಿಗಟ್ಟಿದ ಬಂಡೆ. 2023ರ ಜುಲೈಯಲ್ಲಿ ಕೊಲ್ಲೂರಿನ ಬಳಿಯ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆಯಂಚಿಗೆ ನಿಂತಿದ್ದ ಯುವಕ ಜಾರಿ ಬಿದ್ದ; ಸ್ನೇಹಿತ ತೆಗೆಯುತ್ತಿದ್ದ ವಿಡಿಯೊದಲ್ಲಿ ಆ ಕ್ಷಣ ದಾಖಲಾಗಿ ನಾಡೆಲ್ಲ ನೋಡಿತು. ಮೂರನೆಯದು ಮಣ್ಣು ಕುಸಿತ, ಮುಖ್ಯವಾಗಿ ರಸ್ತೆಗೆಂದು ಕಡಿದ ಘಾಟಿಯ ಮಗ್ಗುಲುಗಳಲ್ಲಿ. ಈ ಮೂರರಲ್ಲಿ ಯಾವುದೂ ಜೂನ್ ಒಂದಕ್ಕೆ ಶುರುವಾಗಿ ಸೆಪ್ಟೆಂಬರ್ ಮೂವತ್ತಕ್ಕೆ ಮುಗಿಯುವುದಿಲ್ಲ. ಹಿಂದಿನ ಮೂರು ದಿನ ಎಷ್ಟು ಮಳೆ ಬಿತ್ತು, ಈ ತಾಸಿನಲ್ಲಿ ಮೇಲೆ ಎಷ್ಟು ಬೀಳುತ್ತಿದೆ, ನಡೆಯುವವರು ನೀರಿನಂಚಿಗೆ ಎಷ್ಟು ಹತ್ತಿರ ಹೋಗುತ್ತಾರೆ ಎಂಬುದರ ಮೇಲೆ ಅಪಾಯ ಏರಿಳಿಯುತ್ತದೆ.

ಇದಕ್ಕೆ ಬೆಳಗಾವಿಯವರು ಮರೆಯಲಾಗದ ಸಾಕ್ಷಿಯೊಂದಿದೆ. 2022ರ ನವೆಂಬರ್ 26ರಂದು, ನಗರದಿಂದ ಹೆಚ್ಚು ದೂರವಿಲ್ಲದ, ಮಹಾರಾಷ್ಟ್ರದ ಗಡಿಯೊಳಗಿನ ಕಿತವಾಡ ಜಲಪಾತದಲ್ಲಿ ಬೆಳಗಾವಿಯ ನಾಲ್ವರು ಹೆಣ್ಣುಮಕ್ಕಳು ಮುಳುಗಿ ಸತ್ತರು. ನವೆಂಬರ್ ಕೊನೆ ಎಂದರೆ ಮುಂಗಾರು ಹೋಗಿ ತಿಂಗಳ ಮೇಲಾಗಿತ್ತು. ತಿಂಗಳ ಲೆಕ್ಕದ ಯಾವ ನಿಷೇಧವೂ ಆ ಮಕ್ಕಳನ್ನು ತಡೆಯುತ್ತಿರಲಿಲ್ಲ. ಆ ನೀರಿನ ಬಳಿ ಅಂಚು ಎಲ್ಲಿದೆ, ಆಳ ಎಲ್ಲಿದೆ ಎಂದು ಬಲ್ಲ ಒಬ್ಬ ಮನುಷ್ಯ, ಒಂದು ಹಗ್ಗ, ಒಂದು ತೇಲುಬಳೆ ಇದ್ದಿದ್ದರೆ ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಮುಚ್ಚಿದ ತಿಂಗಳುಗಳಲ್ಲಿ ಕಾವಲು, ತೆರೆದ ತಿಂಗಳುಗಳಲ್ಲಿ ಏನೂ ಇಲ್ಲ ಎಂಬ ಈಗಿನ ವ್ಯವಸ್ಥೆಯಲ್ಲಿ ತೆರೆದ ತಿಂಗಳುಗಳೇ ಸುರಕ್ಷಿತವೆಂಬ ತಪ್ಪು ಭರವಸೆ ಅಡಗಿದೆ.

ದಿನದ ಲೆಕ್ಕ ಇಡುವುದು ಸಾಧ್ಯವೇ ಎಂದು ಕೇಳಬಹುದು. ಸಾಧ್ಯ, ಅದಕ್ಕೆ ಬೇಕಾದ ಮುಕ್ಕಾಲುಪಾಲು ಸಲಕರಣೆ ಈಗಾಗಲೇ ನಮ್ಮ ಕೈಯಲ್ಲಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ; 15 ನಿಮಿಷಕ್ಕೊಮ್ಮೆ ಅವುಗಳ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ. ದೇಶದ ಬೇರೆ ರಾಜ್ಯಗಳು ಅಸೂಯೆಪಡುವಂಥ ಜಾಲ ಇದು. ಈಗ ಅದು ಹೆಚ್ಚಾಗಿ ಬೆಳೆ ವಿಮೆಗೆ, ಬರ ಮತ್ತು ನೆರೆಯ ಲೆಕ್ಕಕ್ಕೆ ಬಳಕೆಯಾಗುತ್ತದೆ. ಇನ್ನೊಂದೆಡೆ ಹವಾಮಾನ ಇಲಾಖೆ 24 ತಾಸಿನಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ವಿಪರೀತ ಮಳೆ ಎಂದು ವಿಂಗಡಿಸಿ ಯೆಲ್ಲೊ, ಆರೆಂಜ್, ರೆಡ್ ಅಲರ್ಟ್ ಕೊಡುತ್ತದೆ. ಕೊರತೆ ಇರುವುದು ಹರಹಿನಲ್ಲಿ. ಬೆಳಗಾವಿ ಜಿಲ್ಲೆ ದೊಡ್ಡದು. ಒಂದು ತುದಿಯ ಅಥಣಿ ಮಳೆಯ ನೆರಳಿನ ಸೀಮೆ. ಇನ್ನೊಂದು ತುದಿಯ ಆಮಗಾಂವ ಆಗುಂಬೆಯ ಜೊತೆ ಹೆಸರು ಹೇಳಿಸಿಕೊಳ್ಳುವಷ್ಟು ಮಳೆ ಕಾಣುವ ಊರು. ಇಡೀ ಜಿಲ್ಲೆಗೆ ಒಂದೇ ಬಣ್ಣ ಬಳಿದರೆ ಅಥಣಿಯ ರೈತನಿಗೂ ಉಪಯೋಗವಿಲ್ಲ, ಕಣಕುಂಬಿಯ ಕಾಡಿಗೆ ಹೊರಟವನಿಗೂ ಇಲ್ಲ. ಕಣಕುಂಬಿ, ಜಾಂಬೋಟಿ, ಲೋಂಡಾ ಈ ಮೂರು ನೆಲೆಗಳ ಮಳೆಮಾಪಕಗಳ ಆಧಾರದ ಮೇಲೆ ಬೆಳಗಿನ 6 ಗಂಟೆಗೆ ಮೂರು ಸಾಲಿನ ಪ್ರಕಟಣೆ ಹೊರಡಿಸಿದರೆ ಸಾಕು: ನಿನ್ನೆ ಮೊನ್ನೆ ಬಿದ್ದ ಮಳೆ ಇಷ್ಟು, ಹಳ್ಳ ದಾಟುವ ದಾರಿಗಳು ಇವತ್ತು ಬಂದ್, ದಿಬ್ಬದ ಮೇಲಿನ ದಾರಿ ಮಧ್ಯಾಹ್ನ ಎರಡರವರೆಗೆ ಉಂಟು. ಆರೆಂಜ್ ಅಥವಾ ರೆಡ್ ಇದ್ದ ದಿನ ಎಲ್ಲವೂ ಬಂದ್, ಅದರಲ್ಲಿ ಚೌಕಾಸಿಯಿಲ್ಲ. ನಿಜವಾದ ಮುಂಗಾರು ವರ್ಷದಲ್ಲಿ ಜುಲೈಯ ಬಹುಪಾಲು ದಿನ ಬಂದ್ ಆಗಿಯೇ ಇರುತ್ತದೆ. ಆದರೆ ಇವತ್ತು ಯಾಕೆ ಮುಚ್ಚಿದ್ದಾರೆ ಎಂಬುದು ಗೊತ್ತಿರುತ್ತದೆ, ಕಾರಣ ಗೊತ್ತಿದ್ದವನು ಹಿಂದಿರುಗುವ ಸಾಧ್ಯತೆ ಹೆಚ್ಚು.

ಸಾರಾಸಗಟು ನಿಷೇಧ ಜನರನ್ನು ಎಲ್ಲಿಗೆ ತಳ್ಳುತ್ತದೆ ಎಂಬುದನ್ನು 2023ರ ಜುಲೈ ತೋರಿಸಿತು. ಗೋವೆಯ ಮೈನಾಪಿ ಜಲಪಾತದಲ್ಲಿ ಇಬ್ಬರು ಮುಳುಗಿದ ಮೇಲೆ ಅಲ್ಲಿನ ಸರ್ಕಾರ ಅಭಯಾರಣ್ಯಗಳ ಜಲಪಾತಗಳಿಗೆ ಪ್ರವೇಶ ನಿಲ್ಲಿಸಿತು. ಮುಂದಿನ ವಾರಾಂತ್ಯವೇ ಕರ್ನಾಟಕದ ಕಡೆಯಿಂದ ನೂರಾರು ಜನ ಗೋವೆಯದೇ ದೂಧಸಾಗರ ಜಲಪಾತಕ್ಕೆಂದು ರೈಲು ಹಿಡಿದರು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಬ್ರಗಾಂಝಾ ಘಾಟಿಯ ಹಳಿಗಳ ಮೇಲೆ ನಡೆದರು. ಸುರಂಗ, ತಿರುವು, ಒಂದು ಕಡೆ ಪ್ರಪಾತ, ಹಿಂದಿನಿಂದ ಮುಂದಿನಿಂದ ರೈಲು. ಪೊಲೀಸರು ತಡೆದು ಬಸ್ಕಿ ಹೊಡೆಸಿದ ದೃಶ್ಯ ದೇಶವೆಲ್ಲ ಹರಿದಾಡಿತು. ನೈಋತ್ಯ ರೈಲ್ವೆ, ಜಲಪಾತವನ್ನು ಬೋಗಿಯೊಳಗಿಂದಲೇ ನೋಡಿ ಎಂದು ಮನವಿ ಮಾಡಿತು, ಹಳಿಯ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ನಿನಡಿ ಅಪರಾಧವೆಂದು ನೆನಪಿಸಿತು. ರೈಲ್ವೆಯ ಮಾತು ನೂರಕ್ಕೆ ನೂರು ಸರಿ. ಹಳಿಯ ಮೇಲಿನ ನಡಿಗೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಗೋವೆಯ ಬೀಗ ಹಳಿಗಳ ಮೇಲೆ ಜನ ತುಂಬುವುದನ್ನು ತಪ್ಪಿಸಲಿಲ್ಲ. ಖಾನಾಪುರದಲ್ಲೂ ಠಾಣೆಯಿರುವ ರಸ್ತೆ ಬಿಟ್ಟು ಕಾಲುದಾರಿ ಹಿಡಿದವನು ಯಾರಿಗೂ ಹೇಳದೆ ಹೋಗುತ್ತಾನೆ, ಸಂಜೆಗೆ ಹಿಂದಿರುಗದಿದ್ದರೆ ಎಲ್ಲಿ ಹುಡುಕಬೇಕೆಂಬುದೂ ಯಾರಿಗೂ ತಿಳಿದಿರುವುದಿಲ್ಲ.

ಅನುಮತಿ ಕೊಟ್ಟರೆ ಸರ್ಕಾರವೇ ಅಪಾಯಕ್ಕೆ ಮುದ್ರೆ ಒತ್ತಿದಂತಾಗುತ್ತದೆ, ನಾಳೆ ಒಬ್ಬ ಸತ್ತರೆ ಹೊಣೆ ಯಾರದು ಎಂಬ ಆಕ್ಷೇಪವನ್ನು ಅಧಿಕಾರಿಗಳ ಬಾಯಲ್ಲಿ ಸಹಜವಾಗಿಯೇ ಕೇಳುತ್ತೇವೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಕಾಡಿನ ಕಾವಲುಗಾರ ಒಬ್ಬನೇ ನಿಂತು ನೂರು ಜನರನ್ನು ತಡೆಯಬೇಕಾದ ಸ್ಥಿತಿಯಲ್ಲಿ 'ಎಲ್ಲರಿಗೂ ಇಲ್ಲ' ಎನ್ನುವುದು ಅವನ ಮಟ್ಟಿಗೆ ಸರಳ ಮತ್ತು ನ್ಯಾಯ. ಆದರೂ ಕರ್ನಾಟಕ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಾಗಿದೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಮ್ಮೆಲೇ ಸೇರಿದ ಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆ ಚಾರಣಗಳನ್ನು ನಿಲ್ಲಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಜಾಲತಾಣದ ಮೂಲಕ ಒಂದು ದಾರಿಗೆ ದಿನಕ್ಕೆ 300 ಜನರ ಮಿತಿಯೊಂದಿಗೆ ಮತ್ತೆ ತೆರೆಸಿದರು. ಸಾರಾಸಗಟು ನಿಷೇಧದಿಂದ ಲೆಕ್ಕದ ಪ್ರವೇಶಕ್ಕೆ ಬಂದ ಈ ದಾರಿ ಸರಿಯಾದದ್ದು. ಅದು ಜನರನ್ನು ಎಣಿಸುತ್ತದೆ. ಮಳೆಯನ್ನೂ ಎಣಿಸಬೇಕು ಎಂಬುದಷ್ಟೇ ಇಲ್ಲಿ ಸೇರಿಸುವ ಮಾತು. ಖಾನಾಪುರದ ಮಳೆಗಾಲಕ್ಕಂತೂ 300 ಬಹಳ ಹೆಚ್ಚು, 30 ಇದ್ದರೂ ಹೆಚ್ಚೇ. ಹೊಣೆಯ ಪ್ರಶ್ನೆಗೆ ಕುರಂಗಣಿಯ ಘಟನೆ ನೆನೆಯಬೇಕು. 2018ರ ಮಾರ್ಚಿನಲ್ಲಿ ತೇಣಿ ಜಿಲ್ಲೆಯ ಆ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕು ಚಾರಣಿಗರು ಸತ್ತಾಗ, ಅವರು ಅನುಮತಿಯಿಲ್ಲದ ದಾರಿಯಲ್ಲಿದ್ದರೆಂಬುದು ಸರ್ಕಾರವನ್ನು ಪ್ರಶ್ನೆಗಳಿಂದ ಪಾರು ಮಾಡಲಿಲ್ಲ. ಕಾಡಿನಲ್ಲಿ ಯಾರಿದ್ದಾರೆಂದು ತಿಳಿಯದಿರುವುದರಿಂದ ಹೊಣೆ ಕಡಿಮೆಯಾಗುವುದಿಲ್ಲ, ರಕ್ಷಣೆ ಮಾತ್ರ ತಡವಾಗುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕಾಡಿನ ಪರವಾಗಿ ಬರುತ್ತದೆ. ಮನುಷ್ಯ ಸತ್ತರೆ ಸುದ್ದಿಯಾಗುತ್ತದೆ, ಮಳೆಗಾಲದಲ್ಲಿ ಕಾಡು ಬದುಕುವುದು ಸುದ್ದಿಯಾಗುವುದಿಲ್ಲ. ಖಾನಾಪುರದ ಕಾಡಿನಲ್ಲಿರುವ 190.42 ಚದರ ಕಿಲೋಮೀಟರಿನ ಭೀಮಗಡವನ್ನು ಅಭಯಾರಣ್ಯವೆಂದು ಘೋಷಿಸಿದ್ದು 2011ರಲ್ಲಿ. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ರಾಟನ್ ಬಾವಲಿಯ ನೆಲೆಯಿದೆ; ಬಹುಕಾಲ ಇಡೀ ಜಗತ್ತಿನಲ್ಲಿ ಅದೊಂದೇ ನೆಲೆಯೆಂದು ತಿಳಿದಿದ್ದರು. ಕಪ್ಪೆಗಳಿಗಂತೂ ಮಳೆಗಾಲವೇ ಸಂಸಾರದ ಕಾಲ. ಕ್ಯಾಸಲ್‌ರಾಕ್‌ನ ಹೆಸರು ಹೊತ್ತ ಇರುಳುಗಪ್ಪೆ ಹಳ್ಳದ ಬದಿಯ ಬಂಡೆ, ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ. ಬೆಳಗಾವಿಯಿಂದ ಪಡುವಣಕ್ಕಿರುವ ಆಂಬೋಲಿಯಲ್ಲಿ 2009ರಲ್ಲಿ ಗುರುತಿಸಿದ ನೆಲಗಪ್ಪೆ ಜಂಬಿಟ್ಟಿಗೆ ಬಯಲಿನ ಬೊಗಸೆಯಷ್ಟು ನೀರಿನ ಗುಂಡಿಗಳಲ್ಲಿ ಮರಿ ಮಾಡುತ್ತದೆ. ಒಂದು ಬೂಟಿನ ಹೆಜ್ಜೆ ಅಂಥ ಗುಂಡಿಯ ಒಂದು ಪೀಳಿಗೆಯನ್ನೇ ಅಳಿಸಬಲ್ಲದು. ಹಿಮದ ಬೆಟ್ಟದ ಹೋಲಿಕೆ ಇಲ್ಲಿಗೆ ಮುರಿಯುತ್ತದೆ. ಸ್ಕೀ ಹಲಗೆಯ ಗುರುತನ್ನು ಮರುದಿನದ ಹಿಮ ಮುಚ್ಚುತ್ತದೆ, ಸಹ್ಯಾದ್ರಿಯ ಮಳೆಗಾಲದಲ್ಲಿ ಹೆಜ್ಜೆ ಬೀಳುವ ಕಡೆಯೆಲ್ಲ ಜೀವವಿದೆ. ಆದ್ದರಿಂದ ಈ ಆಕ್ಷೇಪದ ಅರ್ಧವನ್ನು ಒಪ್ಪಲೇಬೇಕು. ಬಾರಾಪೇಡೆ ಗುಹೆಗಳು, ಭೀಮಗಡದ ಒಳಭಾಗ, ಜಂಬಿಟ್ಟಿಗೆಯ ತೆರೆದ ಬಯಲುಗಳು, ಹಳ್ಳದ ಪಾತ್ರ ಇವು ಮಳೆಗಾಲವಿಡೀ ಮುಚ್ಚಿರಲಿ, ಯಾವ ಪ್ರಕಟಣೆಯೂ ಇವನ್ನು ತೆರೆಯಬಾರದು. ಇರುಳಿನ ನಡಿಗೆ ಬೇಡ, ಕರಡಿಗಳ ದಾರಿಯಲ್ಲಂತೂ ಬೇಡವೇ ಬೇಡ. ಉಳಿಯುವುದು ಅಭಯಾರಣ್ಯದ ಹೊರಗಿನ ಕೆಲವೇ ಹಳೆಯ ಬಂಡಿದಾರಿಗಳು, ಊರಿನಿಂದ ಊರಿಗೆ ಜನ ಮೊದಲಿಂದಲೂ ನಡೆದ ದಾರಿಗಳು. ಅಷ್ಟು ಸಾಕು. ಸಿಬ್ಬಂದಿಯ ಸಂಖ್ಯೆ ಅಷ್ಟೇ ಇರುವಾಗ ಇಡೀ ಕಾಡಿಗೆ ಒಂದೇ ಬೀಗ ಹಾಕಿದರೆ ಕಾವಲು ಎಲ್ಲೆಡೆ ತೆಳುವಾಗುತ್ತದೆ. ನಾಲ್ಕು ದಾರಿ ಬಿಟ್ಟು ಉಳಿದದ್ದನ್ನು ಬಿಗಿಯಾಗಿ ಕಾದರೆ ಕಪ್ಪೆಗೂ ಬಾವಲಿಗೂ ಈಗಿನದಕ್ಕಿಂತ ಹೆಚ್ಚಿನ ನೆಮ್ಮದಿ ಸಿಗಬಹುದು.

ಈ ದಾರಿಗಳನ್ನು ಬಲ್ಲವರು ಯಾರು? ಭೀಮಗಡದ ಒಳಗೂ ಅಂಚಿನಲ್ಲೂ ಆಮಗಾಂವ, ಕೃಷ್ಣಾಪುರ, ತಳೇವಾಡಿ, ಗವಾಳಿ, ಕೊಂಗಳಾ, ಪಾಸ್ತೋಳಿಯಂಥ ಊರುಗಳಿವೆ. ಯಾವ ಹಳ್ಳ ಯಾವ ಮೋಡಕ್ಕೆ ಉಕ್ಕುತ್ತದೆಂದು ಬಲ್ಲ ಮರಾಠಿ, ಕೊಂಕಣಿ, ಕನ್ನಡ ಬೆರೆಸಿ ಮಾತಾಡುವ ಜನ ಅಲ್ಲಿದ್ದಾರೆ. ಮಳೆಗಾಲದಲ್ಲಿ ಕಾಡು ಮುಚ್ಚುವುದು ನಮಗೆ, ಅವರಿಗಲ್ಲ. ಕಾಡಿನೊಳಗಿನ ಊರುಗಳಿಂದ ಜನರನ್ನು ಹೊರಗೆ ಕಳಿಸುತ್ತಲೇ ಪೇಟೆಯವರನ್ನು ಒಳಗೆ ಬಿಡುವುದು ಯಾವ ನ್ಯಾಯ ಎಂದು ಇಲ್ಲಿ ಕೇಳುವವರಿದ್ದಾರೆ, ಕೇಳಲೇಬೇಕಾದ ಪ್ರಶ್ನೆಯದು. 2025ರಲ್ಲಿ ತಳೇವಾಡಿಯ ಕುಟುಂಬಗಳು ತಲಾ 15 ಲಕ್ಷ ರೂಪಾಯಿ ಪರಿಹಾರಕ್ಕೆ ಒಪ್ಪಿ ಕಾಡು ಬಿಟ್ಟು ಹೊರಡಲು ಮುಂದಾದವು. ಹಾಗೆ ಹೊರಬಂದವರ ಜ್ಞಾನ ಪರಿಹಾರದ ಚೆಕ್ಕಿನೊಂದಿಗೆ ಕೊನೆಯಾಗಬೇಕಿಲ್ಲ. ಅಭಯಾರಣ್ಯದ ಹೊರಗಿನ ದಾರಿಗಳಲ್ಲಿ ಮಾರ್ಗದರ್ಶಿಯ ಕೆಲಸದ ಮೊದಲ ಹಕ್ಕು ಅವರದೂ ಅಂಚಿನ ಊರುಗಳವರದೂ ಆಗಬೇಕು, ಕೂಲಿ ದಿನದ ಕೊನೆಗೆ ಕೈಗೆ ಸಿಗಬೇಕು. ಮಳೆ ಹೆಚ್ಚಿದೆ, ಇವತ್ತು ಬೇಡ ಎಂದು ಹಿಂದಿರುಗಿಸಿದ ದಿನದ ಕೂಲಿಯೂ ಸಿಗಬೇಕು. ಈ ಕೊನೆಯ ಷರತ್ತು ಇಲ್ಲದಿದ್ದರೆ ವ್ಯವಸ್ಥೆ ಕುಸಿಯುತ್ತದೆ: ಹೋದರೆ ಮಾತ್ರ ಹಣ ಎಂದಾದರೆ ಬಡ ಮಾರ್ಗದರ್ಶಿ ಆರೆಂಜ್ ದಿನವೂ ಹೊರಡಬೇಕಾಗುತ್ತದೆ.

ಇನ್ನು ರಕ್ಷಣೆಯ ಮಾತು. ಹಿಮದಡಿ ಹೂತವನನ್ನು ಹತ್ತು ಹದಿನೈದು ನಿಮಿಷದೊಳಗೆ ಅಗೆದು ತೆಗೆದರೆ ಬದುಕುವ ಸಂಭವ ಹೆಚ್ಚು, ಅರ್ಧ ತಾಸು ಕಳೆದರೆ ಅದು ಬಹಳ ಇಳಿದುಹೋಗುತ್ತದೆ. ಆದ್ದರಿಂದ ಅಲ್ಲಿ ಜೊತೆಗಿದ್ದವರೇ ರಕ್ಷಕರು, ಹೆಲಿಕಾಪ್ಟರ್ ಆಮೇಲೆ. ಖಾನಾಪುರದ ಕಾಡಿನಲ್ಲೂ ಬೆಳಗಾವಿಯಿಂದ ದಳ ಬರುವ ಹೊತ್ತಿಗೆ ಹಳ್ಳದಲ್ಲಿ ಆಗಬೇಕಾದ್ದು ಆಗಿಹೋಗಿರುತ್ತದೆ. ಪೇಟೆಯ ಹುಡುಗರ ಹವ್ಯಾಸಕ್ಕೆ ಸರ್ಕಾರ ಯಾಕೆ ಹಗ್ಗ, ಸ್ಟ್ರೆಚರ್, ವೈರ್‌ಲೆಸ್‌ಗೆ ಖರ್ಚು ಮಾಡಬೇಕು ಎಂದು ಕೇಳುವವರಿಗೆ ಆಮಗಾಂವವೇ ಉತ್ತರ. 2024ರ ಜುಲೈಯಲ್ಲಿ ಆ ಊರಿನ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಸುರಿವ ಮಳೆಯಲ್ಲಿ ಹೆಗಲ ಮೇಲೆ ಹೊತ್ತು ಕಿಲೋಮೀಟರುಗಟ್ಟಲೆ ನಡೆದು ಆಂಬುಲೆನ್ಸಿನ ಬಳಿ ತಂದರು. ಕಾಡಿನಂಚಿನ ಊರುಗಳಲ್ಲಿ ಪ್ರಥಮ ಚಿಕಿತ್ಸೆ ಕಲಿತ ನಾಲ್ವರು ಯುವಕರು, ಮಡಚುವ ಸ್ಟ್ರೆಚರ್, ಮಳೆಯಲ್ಲೂ ಕೆಲಸ ಮಾಡುವ ವೈರ್‌ಲೆಸ್, ಹಳ್ಳಕ್ಕೆ ಕಾಯಂ ಕಾಲುಸಂಕ ಇವೆಲ್ಲ ಚಾರಣಿಗರು ಬರಲಿ ಬಿಡಲಿ ಅಲ್ಲಿ ಇರಲೇಬೇಕಾದವು. ಚಾರಣದ ಶುಲ್ಕದಿಂದ ಅವು ಬೇಗ ಬರುವುದಾದರೆ ಶುಲ್ಕ ಇಡಬೇಕು, ಬೆಂಗಳೂರಿಗೆ ಹೋಗದೆ ಆಯಾ ಗ್ರಾಮ ಅರಣ್ಯ ಸಮಿತಿಗೇ ಅದು ಸೇರಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಅಭಯಾರಣ್ಯದೊಳಕ್ಕೂ ಪ್ರವಾಸೋದ್ಯಮಕ್ಕೆ ಅನುಮತಿ ಕೊಡುವ ಅಧಿಕಾರವನ್ನು ಅಧಿಕಾರಿಗಳಿಗೆ ನೀಡಿದೆ. ಹೊರಗಿನ ಕಾಡಿನ ನಾಲ್ಕು ದಾರಿಗಳಿಗೆ ಹೊಸ ಕಾನೂನೇನೂ ಬೇಕಿಲ್ಲ. ಮುಂದಿನ ಮುಂಗಾರಿಗೆ ಒಂದೇ ಒಂದು ದಾರಿ, ಕಣಕುಂಬಿಯ ಕಡೆಯದು, ದಿನಕ್ಕೆ 20 ಜನ, ಇಬ್ಬರು ಮಾರ್ಗದರ್ಶಿಗಳು, ಬೆಳಿಗ್ಗೆ 6ರ ಪ್ರಕಟಣೆ ಎಂಬಷ್ಟರಿಂದ ಆರಂಭಿಸಬಹುದು. ಯಾವ ದಿನ ಮುಚ್ಚಿದೆವು, ಯಾಕೆ ಮುಚ್ಚಿದೆವು, ಎಷ್ಟು ಜನ ಹಿಂದಿರುಗಿದರು, ಕಳ್ಳದಾರಿಯಲ್ಲಿ ಎಷ್ಟು ಜನ ಸಿಕ್ಕರು ಎಂಬ ಲೆಕ್ಕವನ್ನು ಅಕ್ಟೋಬರಿನಲ್ಲಿ ಸಾರ್ವಜನಿಕರ ಮುಂದಿಡಲಿ. ಎರಡನೆಯ ದಾರಿ ತೆರೆಯಬೇಕೋ, ಮೊದಲನೆಯದನ್ನೂ ಮುಚ್ಚಬೇಕೋ ಎಂಬುದನ್ನು ಆ ಲೆಕ್ಕ ನೋಡಿ ತೀರ್ಮಾನಿಸಬಹುದು.